ಕೇಳಿದ ಊರುಗಳು

ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಮುಖ್ಯಾರ್ಥಗಳುಂಟು. ‘ದೊಡ್ಡವರು ಹೇಳಿದ್ದನ್ನು ಕೇಳು’ ಎಂದು ಮನೆಯಲ್ಲಿ ಗದರಿದಾಗ ಕಿವಿಗೊಡು ಎಂದರ್ಥ. ‘ತಿಳಿಯದಿದ್ದರೆ ಕೇಳು’ ಎಂದು ಶಾಲೆಯಲ್ಲಿ ಹೇಳಿದಾಗ ಪ್ರಶ್ನಿಸು ಎಂದರ್ಥ. ಸಾಲ ಕೇಳುವುದು, ನೀರು ಕೇಳುವುದು ಎಂಬಲ್ಲಿ ಬೇಡುವುದೆಂಬ ಮೂರನೆಯ ಅರ್ಥವೂ ಸೇರಿಕೊಳ್ಳುತ್ತದೆ. ಸಂಸ್ಕೃತದವರು ಇವಕ್ಕೆಲ್ಲ ಬೇರೆ ಬೇರೆ ಧಾತುಗಳನ್ನು ಇಟ್ಟುಕೊಂಡರು. ನಮ್ಮ ಹಿರಿಯರು ಒಂದರಲ್ಲಿಯೇ ಸುಧಾರಿಸಿದರು. ವಾಚಕರು ಗಾಬರಿಪಡಬೇಕಾಗಿಲ್ಲ, ಇಲ್ಲಿ ವ್ಯಾಕರಣದ ಪಾಠ ಹೇಳಹೊರಟಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳಲ್ಲಿ ಸಾರ್ವಜನಿಕ ಉಪನ್ಯಾಸ, ಸಭೆ, ಗೋಷ್ಠಿಗಳು ನಡೆದುಬಂದ ಬಗೆಯನ್ನು ಯೋಚಿಸುವಾಗ ಈ ಧಾತು ನನ್ನನ್ನು ಬಿಡದೆ ಕಾಡುತ್ತದೆ. ಆದುದರಿಂದ ಇದರಿಂದಲೇ ಮೊದಲುಮಾಡಿದೆ.

ಸಭೆಗಳ ಚರಿತ್ರೆಯನ್ನು ಬರೆಯುವವರು ಅಧ್ಯಕ್ಷರ ಹೆಸರನ್ನು ಬರೆಯುತ್ತಾರೆ, ಉಪನ್ಯಾಸಕರ ಹೆಸರನ್ನು ಬರೆಯುತ್ತಾರೆ, ಹಾರ ಹಾಕಿದವರ ಹೆಸರನ್ನೂ ಬಿಡುವುದಿಲ್ಲ. ಚಾಪೆಯ ಮೇಲೆ ಕುಳಿತವರನ್ನು ‘ಸಭಿಕರು ಕಿಕ್ಕಿರಿದು ನೆರೆದಿದ್ದರು’ ಎಂಬ ಒಂದು ಮಾತಿನಲ್ಲಿ ತೀರಿಸಿಬಿಡುತ್ತಾರೆ. ಆ ಸಭಿಕ ಬರಿದೆ ಕಿವಿಗೊಟ್ಟು ಎದ್ದುಹೋದನೇ, ಎದುರಿಗೆ ನಿಂತು ಏನನ್ನಾದರೂ ಕೇಳಿದನೇ? ಅದನ್ನು ನೋಡೋಣ.

ಮೊದಲು ಹಳೆಯ ಕಾಲಕ್ಕೆ ಹೋಗಬೇಕು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಮಠವಿರುವ ಊರು. ನೀಲಗಾರರು ತಂಬೂರಿ, ಡಕ್ಕೆಗಳನ್ನು ಹಿಡಿದು ರಾತ್ರಿಯೆಲ್ಲ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ಸೀಮೆ ಇದು. ಅದೇ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬಳಿಗೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಲು ಹೋದ ಕಥೆಯನ್ನು ಇಲ್ಲಿಯ ಮುದುಕಿಯರು ಇಂದಿಗೂ ಹೇಳಬಲ್ಲರು. ಇದ್ದವನ ಬಾಗಿಲಲ್ಲಿ ಇಲ್ಲದವನು ನಿಂತು ಕೇಳುವ ಕಥೆ ಅದು. ಜಾತಿಯ ಹಮ್ಮನ್ನೂ ಸಿರಿಯ ಸೊಕ್ಕನ್ನೂ ಎದುರಿಗೆ ನಿಲ್ಲಿಸಿ ಮಾತಾಡಿಸುವ ಈ ಹಾಡುಗಾರಿಕೆಯನ್ನು ಸಮಾಜದ ವಿಚಾರವಾಗಿ ನಮ್ಮಲ್ಲಿ ನಡೆದ ಅತ್ಯಂತ ಹಳೆಯ ಉಪನ್ಯಾಸವೆಂದರೆ ತಪ್ಪಾಗದು. ಅಲ್ಲಿ ಕೇಳುಗನ ಪಾಲಿಗೆ ಬಂದ ಕೆಲಸವೆಂದರೆ ಹೂಂಗುಟ್ಟುವುದು. ಹೂಂಗುಟ್ಟುವುದು ಸಣ್ಣ ಕೆಲಸವೆಂದು ಭಾವಿಸಬೇಡಿ. ಹೂಂಗುಟ್ಟುವವನು ತೂಕಡಿಸಿದರೆ ಕಥೆಯೂ ತೂಕಡಿಸುತ್ತದೆ.

ಪೇಟೆಯಲ್ಲಾದರೋ ಪುರಾಣ, ಹರಿಕಥೆ, ಜೈಮಿನಿ ಭಾರತದ ವಾಚನ. ಸ್ಥಳ ಸಾಮಾನ್ಯವಾಗಿ ದೇವಸ್ಥಾನದ ಮಂಟಪ. ಮಂಟಪದೊಳಕ್ಕೆ ಬರಲು ಎಲ್ಲರಿಗೂ ಅಪ್ಪಣೆಯಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಬೀದಿಯ ಆಚೆ ಬದಿಯಲ್ಲಿ ನಿಂತವನಿಗೆ ತಾಳದ ಸದ್ದು ಕೇಳಿಸುತ್ತದೆ, ಅರ್ಥ ಕೇಳಿಸುವುದಿಲ್ಲ. ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಮಾತನ್ನು ಕೇಳುವ ಸ್ಥಳ ಯಾವುದು ಎಂಬುದು ನಮ್ಮ ಊರುಗಳಿಗೆ ಬಹುಕಾಲ ಬಿಡಿಸಲಾಗದ ಒಗಟಾಗಿಯೇ ಇದ್ದಿತು. 1934ರ ಜನವರಿಯಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸಕ್ಕಾಗಿ ಮೈಸೂರು ಸೀಮೆಗೆ ಬಂದು ಮಂಡ್ಯ, ಮದ್ದೂರುಗಳ ದಾರಿಯಲ್ಲಿ ಹಾದುಹೋದಾಗ, ಅವರು ಎತ್ತಿದ ಪ್ರಶ್ನೆಯ ಬೇರು ಇಲ್ಲಿಯೇ ಇದ್ದಿತು. ಬಯಲು ಮತ್ತು ಶಾಲೆಯ ಅಂಗಳ, ಈ ಎರಡೇ ಆ ಒಗಟನ್ನು ಮೆಲ್ಲಮೆಲ್ಲನೆ ಬಿಡಿಸಿದವು. ಅದಕ್ಕೂ ಬಹಳ ವರ್ಷಗಳೇ ಹಿಡಿದವು.

ಇನ್ನು ಆಳುವವರ ಕಡೆಯಿಂದ ಬಂದ ಸಭೆಗಳು. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ ಪ್ರತಿನಿಧಿಗಳು ಸೇರಿದರು. ಮಂಡ್ಯ ಆಗ ಮೈಸೂರು ಜಿಲ್ಲೆಯ ಒಂದು ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ದಿವಾನರು ರಾಜ್ಯದ ಆಯವ್ಯಯವನ್ನೂ ಕಾರ್ಯಗಳನ್ನೂ ವಿವರಿಸುವರು, ಪ್ರತಿನಿಧಿಗಳು ಕಿವಿಗೊಡುವರು, ತಮ್ಮ ಊರಿನ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವರು. ಕಾನೂನು ಮಾಡುವ ಅಧಿಕಾರ ಮಾತ್ರ ಇರಲಿಲ್ಲ. ‘ಕೇಳು’ ಎಂಬುದರ ಮೂರನೆಯ ಅರ್ಥ, ಬೇಡುವುದು, ಇಲ್ಲಿ ಸಲ್ಲುತ್ತದೆ. ಆದರೂ ರಾಜ್ಯದ ಲೆಕ್ಕವನ್ನು ಪ್ರಜೆಗಳ ಮುಂದೆ ಬಾಯಿಬಿಟ್ಟು ಹೇಳಬೇಕೆಂಬ ಪದ್ಧತಿ ಹುಟ್ಟಿತಲ್ಲ, ಅದು ಅಲ್ಪವಾದುದಲ್ಲ.

1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. 92 ಮೈಲಿಗಳ ತಂತಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೂರದ ಸಾಗಣೆಗಳಲ್ಲಿ ಒಂದೆಂದು ಹೆಸರಾದುದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಕಾವೇರಿಯ ನೀರು ಚಕ್ರವನ್ನು ತಿರುಗಿಸಿ ಬೆಳಕಾಗುವ ಈ ವಿದ್ಯೆಗಿಂತ ದೊಡ್ಡ ವಿಜ್ಞಾನೋಪನ್ಯಾಸ ಬೇಕೆ? ಆದರೆ ತಂತಿ ಹಾದುಹೋದದ್ದು ಹಳ್ಳಿಗಳವರ ತಲೆಯ ಮೇಲೆ. ಅದು ಏನು, ಹೇಗೆ ಎಂದು ಕೆಳಗೆ ನಿಂತವನಿಗೆ ಹೇಳುವ ಏರ್ಪಾಡು ಯಾರ ಯೋಜನೆಯಲ್ಲಿಯೂ ಇರಲಿಲ್ಲ.

ಆ ಕೊರತೆಯನ್ನು ಕಂಡವರು ಬೆಂಗಳೂರು, ಮೈಸೂರುಗಳಲ್ಲಿ ಇಲ್ಲದಿರಲಿಲ್ಲ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನ ಏರ್ಪಟ್ಟು ವಿದ್ಯೆ, ಬೇಸಾಯ, ಕೈಗಾರಿಕೆಗಳ ಚರ್ಚೆ ನಡೆಯಿತು. ಅದರ ಆಲೋಚನೆಯ ಫಲವಾಗಿಯೇ 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಅದೇ 1911ರಲ್ಲಿ ನಮ್ಮ ನಾಗಮಂಗಲ ಸೀಮೆಯ ಬೆಳ್ಳೂರಿನ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಒಂದು ಭಾಷಣದಿಂದ ಒಂದು ಕಾಲದ ಸಾಹಿತ್ಯವೇ ಎಚ್ಚರಗೊಂಡದ್ದಕ್ಕೆ ಅದು ನಿದರ್ಶನ. ಆ ದಶಕದ ಕೊನೆಗೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ವಿಜ್ಞಾನ ಪ್ರಚಾರಕ್ಕಾಗಿ ಸಮಿತಿಯೊಂದನ್ನು ಕಟ್ಟಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಮಾತನ್ನು ಮಾತ್ರ ಅದು ಸುಳ್ಳುಮಾಡಿ ಹೋಯಿತು.

ಈಗ ನಾಲೆಯ ಕಥೆಗೆ ಬರೋಣ. ಕನ್ನಂಬಾಡಿಯ ಅಣೆಕಟ್ಟಿನಿಂದ ಹೊರಟು, ಹುಲಿಕೆರೆಯ ಸುರಂಗವನ್ನು ದಾಟಿ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಬಂದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಇಂದು ಅದನ್ನು ವಿಶ್ವೇಶ್ವರಯ್ಯ ನಾಲೆಯೆನ್ನುತ್ತೇವೆ. ಅಲ್ಲಿಯವರೆಗೆ ರಾಗಿ, ಹುರುಳಿ, ಮುಗಿಲ ಕಡೆಗೆ ನೆಟ್ಟ ನೋಟ. ನೀರು ಬಂದೊಡನೆ ರೈತ ಹೊಸದಾಗಿ ಕಲಿಯಬೇಕಾದದ್ದು ಒಂದೆರಡಲ್ಲ. ವಿಶ್ವೇಶ್ವರಯ್ಯನವರು ದಖನ್ನಿನ ನಾಲೆಗಳಲ್ಲಿ ಮೊದಲು ಪ್ರಯೋಗಿಸಿದ್ದ ಬ್ಲಾಕ್ ಪದ್ಧತಿ ಇಲ್ಲಿಗೂ ಬಂದಿತು: ಒಂದು ಬ್ಲಾಕನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಬತ್ತ, ಒಂದರಲ್ಲಿ ಕಡಮೆ ನೀರಿನ ಬೆಳೆ, ಮರುವರ್ಷ ಪಾಲು ಬದಲಾಗಬೇಕು. ನೀರು ಹೆಚ್ಚು ಜನರಿಗೆ ಹಂಚಿಕೆಯಾಗಲಿ, ಭೂಮಿ ಜೌಗಾಗದಿರಲಿ ಎಂಬುದು ಇದರ ಉದ್ದೇಶ. ಕಾಗದದ ಮೇಲೆ ಚೆಂದವಾದ ಲೆಕ್ಕ. ಆದರೆ ಎದುರಿಗೆ ನೀರು ಹರಿಯುತ್ತಿರುವಾಗ, ಈ ವರ್ಷ ನೀನು ರಾಗಿಯನ್ನೇ ಬೆಳೆ ಎಂದರೆ ಯಾವ ರೈತ ಸುಮ್ಮನೆ ತಲೆಯಾಡಿಸಿಯಾನು? ನಾಲೆಯ ಖರ್ಚಿಗೆ ರೈತರು ಕೊಡಬೇಕಾದ ಹಣದ ವಿಷಯವಂತೂ ಸಭೆ ಸಭೆಯಲ್ಲೂ ಗುಲ್ಲೆಬ್ಬಿಸಿತು. ಬೇಸಾಯದ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಮುಂದಾಳುತನದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಏರ್ಪಟ್ಟಿತು. ಕಾರ್ಖಾನೆಗೆ ಕಬ್ಬು ಬೇಕು. ಯಾವ ತಳಿ, ಯಾವ ಗೊಬ್ಬರ, ಯಾವಾಗ ಕಡಿಯುವುದು ಎಂಬುದನ್ನು ಹೇಳುವವರು ಬೇಕು.

ಕೇಳುಗ ಇಲ್ಲಿ ಬೇರೆಯವನಾದ. ಹರಿಕಥೆಯನ್ನು ಕೇಳಿ ಮನೆಗೆ ಹೋಗಿ ಮಲಗಬಹುದು; ಕಬ್ಬಿನ ಉಪನ್ಯಾಸವನ್ನು ಕೇಳಿದವನು ಮರುದಿನ ತನ್ನ ಗದ್ದೆಯನ್ನೇ ಪಣವಿಡಬೇಕು. ‘ನೀವು ಹೇಳ್ದಂಗೆ ಮಾಡಿ ಬೆಳೆ ಹೋದ್ರೆ ಕೊಡೋರ್ಯಾರು ಸ್ವಾಮಿ?’ ಎಂದು ಕೇಳದೆ ಬಿಡುವ ಜಾಯಮಾನ ಮಂಡ್ಯದವರದಲ್ಲ. ಒರಟು ಎನ್ನುವವರು ಎನ್ನಲಿ. ಉಪನ್ಯಾಸದ ಶಾಸ್ತ್ರದಲ್ಲಿ ಈ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ನಾನಂತೂ ಅರಿಯೆ.

ನೀರಿನ ಜೊತೆಗೆ ಜ್ವರವೂ ಬಂದಿತು. ಗದ್ದೆಗಳಲ್ಲಿ, ಕಾಲುವೆಯ ಸೋರಿಕೆಯಲ್ಲಿ ನಿಂತ ನೀರು ಅನಾಫಿಲಿಸ್ ಜಾತಿಯ ಸೊಳ್ಳೆಗೆ ತವರಾಯಿತು. ನೀರಾವರಿಯ ಮಲೇರಿಯವೆಂದೇ ವೈದ್ಯರು ಅದನ್ನು ಕರೆದರು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನ ಆರೋಗ್ಯ ಇಲಾಖೆ 1920ರ ದಶಕದ ಕೊನೆಯಿಂದ ಮಲೇರಿಯದ ಪರಿಶೋಧನೆಯನ್ನು ಕೈಗೊಂಡಿತ್ತು. ಚಳಿಜ್ವರ ದೇವರ ಮುನಿಸಲ್ಲ, ಕೆಟ್ಟ ಗಾಳಿಯಲ್ಲ, ಒಂದು ಹುಳು ಹೊತ್ತು ತರುವ ರೋಗವೆಂದು ಜನರನ್ನು ಒಪ್ಪಿಸುವುದು ಹೇಗೆ? ಗಾಜಿನ ಬಟ್ಟಲಲ್ಲಿ ನೀರು ತಂದು ಮರಿಹುಳುಗಳನ್ನು ಎದುರಿಗೇ ಇಟ್ಟರೆ ಅರ್ಧ ಕೆಲಸ ಆದಂತೆ. ಬೇರೆ ಸೊಳ್ಳೆಗಳ ಮರಿ ನೀರಿನೊಳಗೆ ತಲೆಕೆಳಗಾಗಿ ತೂಗುತ್ತದೆ. ಅನಾಫಿಲಿಸಿನ ಮರಿ ನೀರಿನ ಮೇಲ್ಮೈಗೆ ಒರಗಿ ಮಟ್ಟಸವಾಗಿ ಮಲಗಿರುತ್ತದೆ. ಎರಡೂ ಉಸಿರಾಡುವುದು ಮೇಲಣ ಗಾಳಿಯನ್ನೇ. ಆದುದರಿಂದ ನೀರಿನ ಮೇಲೆ ಎಣ್ಣೆಯ ತೆಳುಪೊರೆ ಹರಡಿದರೆ ಉಸಿರುಕಟ್ಟಿ ಸಾಯುತ್ತವೆ. ಕಣ್ಣಾರೆ ಕಂಡವನು ಮನೆಗೆ ಹೋಗಿ ತನ್ನ ಬಾನಿಯೊಳಗೆ ಇಣುಕಿ ನೋಡುತ್ತಾನೆ. ಆದರೆ ಗದ್ದೆಯ ನೀರನ್ನು ಆಗಾಗ ಬತ್ತಿಸಿ ಎಂಬ ಸಲಹೆ ಬಂದಾಗ ರೈತ ಮತ್ತೆ ನಿಂತು ಕೇಳುತ್ತಾನೆ, ನೀರು ಬಿಟ್ಟವರು ನೀವೇ, ಬತ್ತಿಸಿ ಅನ್ನುವವರೂ ನೀವೇ. ಮಾತು ಹುಳಿಯಾದರೂ ಅದರಲ್ಲಿ ನ್ಯಾಯವಿದೆ.

ಇಷ್ಟು ಹೊತ್ತಿಗೆ ಸಭೆಯೆಂಬುದು ನಮ್ಮ ಊರುಗಳಿಗೆ ಒಗ್ಗಿತ್ತು. ಸಭೆ ಸೇರುವ ಸ್ವಾತಂತ್ರ್ಯಕ್ಕೇ ತೊಡಕು ಬಂದದ್ದು 1938ರಲ್ಲಿ. ಅದರ ಹಿಂದಿನ ವರ್ಷ ಪ್ರಜಾಸಂಯುಕ್ತ ಪಕ್ಷದವರು ಕಾಂಗ್ರೆಸ್ಸಿನೊಡನೆ ಕೂಡಿಕೊಂಡಿದ್ದರು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವನ್ನು ಮದ್ದೂರಿನ ಪಕ್ಕದ ಶಿವಪುರದಲ್ಲಿ ನಡೆಸಬೇಕೆಂದು ಗೊತ್ತಾಯಿತು. ಧ್ವಜಾರೋಹಣ ಕೂಡದೆಂದು ನಿಷೇಧಾಜ್ಞೆ ಹೊರಟಿತು. ಏಪ್ರಿಲ್ ತಿಂಗಳ ಉರಿಬಿಸಿಲು. ಊರಿನ ರೈತರೊಬ್ಬರ ಹೊಲವೇ ಸಭಾಂಗಣ. ಸುತ್ತಣ ತಾಲ್ಲೂಕುಗಳಿಂದ ಸಾವಿರಾರು ಮಂದಿ ಬಂದಿದ್ದರು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನೇರಿಸಿದರು, ಬಂಧನವಾಯಿತು. ಇನ್ನೊಬ್ಬರು ಎದ್ದರು, ಅವರ ಬಂಧನವೂ ಆಯಿತು, ಮತ್ತೊಬ್ಬರು ಎದ್ದರು.

ರಾಜಕೀಯದ ಚರಿತ್ರೆಯನ್ನು ಬರೆಯುವವರು ಇದನ್ನು ಧ್ವಜಸತ್ಯಾಗ್ರಹವೆಂದು ಕರೆಯುತ್ತಾರೆ, ಅದು ಸರಿಯೇ. ನನಗೆ ಇಲ್ಲಿ ಕಾಣುವುದು ಇನ್ನೂ ಒಂದು. ವೇದಿಕೆಯ ಮೇಲಿನವರನ್ನು ಕರೆದೊಯ್ದರೆ ಸಭೆ ಮುಗಿಯಿತು ಎಂಬುದು ಅಧಿಕಾರಿಗಳ ಎಣಿಕೆ. ಅಲ್ಲಿಯವರೆಗೆ ನಡೆದ ಸಭೆಗಳಲ್ಲೆಲ್ಲ ಅದು ನಿಜವೂ ಆಗಿತ್ತು. ಹರಿದಾಸರು ಎದ್ದರೆ ಹರಿಕಥೆ ಮುಗಿದಂತೆಯೇ. ಶಿವಪುರದಲ್ಲಿ ಹಾಗಾಗಲಿಲ್ಲ. ಹೇಳುವವರು ಹೋದ ಮೇಲೂ ಕೇಳುವವರು ಕದಲಲಿಲ್ಲ, ಕೇಳುವವರ ನಡುವಿನಿಂದಲೇ ಹೇಳುವವರು ಎದ್ದರು. ಅದೇ ತಿಂಗಳ 25ರಂದು ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಇಂಥದೇ ಸಭೆಯ ಮೇಲೆ ಗುಂಡು ಹಾರಿ ಜನ ಸತ್ತರು. ಸಭೆಗೆ ಹೋಗುವುದೆಂದರೆ ಆಗ ಅಷ್ಟು ಬೆಲೆಯ ಮಾತು. ಬಳಿಕ ಸರದಾರ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ, ಸಂಸ್ಥಾನದ ಧ್ವಜವೂ ಕಾಂಗ್ರೆಸ್ಸಿನ ಧ್ವಜವೂ ಜೊತೆಯಲ್ಲಿ ಹಾರಬಹುದೆಂಬ ಒಪ್ಪಂದವಾಯಿತು. ಶಿವಪುರದಲ್ಲಿ ಈಗ ಸತ್ಯಾಗ್ರಹ ಸೌಧ ನಿಂತಿದೆ. ಮೈಸೂರು ರಸ್ತೆಯಲ್ಲಿ ಹೋಗುವವರು ಒಮ್ಮೆ ಇಳಿದು ನೋಡಬಹುದು.

ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳದು ಇದಕ್ಕಿಂತ ಸೌಮ್ಯವಾದ ಕಥೆ. ವಿದ್ವಾಂಸರು ತಾಲ್ಲೂಕು ಊರುಗಳಿಗೆ ಹೋಗಿ ಸಾಹಿತ್ಯ, ಚರಿತ್ರೆ, ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರಗಳನ್ನು ತಿಳಿಗನ್ನಡದಲ್ಲಿ ಹೇಳಬೇಕು, ಹೇಳಿದ್ದನ್ನು ಸಣ್ಣ ಪುಸ್ತಕವಾಗಿ ಅಚ್ಚುಹಾಕಿ ಅಲ್ಪ ಬೆಲೆಗೆ ಕೊಡಬೇಕು ಎಂಬುದು ಏರ್ಪಾಡು. ಮುಂದೆ ಪ್ರಸಾರಾಂಗವೆಂಬ ಹೆಸರಿನಲ್ಲಿ ಈ ಕೆಲಸ ಬೆಳೆಯಿತು. ಮಂಡ್ಯ, ಮದ್ದೂರುಗಳಿಗೆ ರೈಲಿತ್ತು. ಉಪನ್ಯಾಸಕರು ಮದ್ದೂರಿನಲ್ಲಿಳಿದು ವಡೆ ತಿಂದು ಬರಬಹುದಿತ್ತು. ಮಳವಳ್ಳಿಗೆ ರೈಲಿಲ್ಲ, ಮದ್ದೂರಿನಿಂದ ಸುಮಾರು 15 ಮೈಲಿ ರಸ್ತೆಯ ಪ್ರಯಾಣ. ನನ್ನ ಕಪಾಟಿನಲ್ಲಿ ಆ ಮಾಲೆಯ ಪುಸ್ತಕಗಳು ಹಲವು ಇವೆ. ಅವುಗಳಲ್ಲಿ ಉಪನ್ಯಾಸ ಪೂರ್ತಿಯಾಗಿದೆ. ಸಭಿಕರು ಏನು ಕೇಳಿದರೆಂಬುದು ಒಂದರಲ್ಲಿಯೂ ಇಲ್ಲ. ಅಚ್ಚಿನ ಮನೆಯವರಿಗೆ ಅದು ಬೇಡವಾಗಿತ್ತು. ನಮಗೆ ಇಂದು ಬೇಕಾಗಿರುವುದು ಅದೇ.

ರೇಡಿಯೋ ಇಟ್ಟುಕೊಂಡ ಮನೆಗಳಿಗಾಗಿ ಬರೆಯುವಾಗ ಬಾನುಲಿಯ ಮಾತನ್ನು ಬಿಡಲಾದೀತೆ? ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕವನ್ನಿಟ್ಟು ಪ್ರಸಾರವನ್ನು ಮೊದಲುಮಾಡಿದರು. 1955ರಲ್ಲಿ ಬೆಂಗಳೂರು ಕೇಂದ್ರ ಬಂದಿತು. ಉಪನ್ಯಾಸ ಈಗ ಅಡುಗೆಮನೆಯವರೆಗೂ ಬಂದಿತು; ಸಭೆಗೆ ಹೋಗಲು ಅವಕಾಶವಿಲ್ಲದಿದ್ದ ಹೆಂಗಸರೂ ಕೇಳುವಂತಾಯಿತು. ಇದು ದೊಡ್ಡ ಲಾಭ. ನಷ್ಟವೂ ಉಂಟು. ಪೆಟ್ಟಿಗೆಯನ್ನು ಎದುರು ಕೇಳಲಾಗದು. ಈ ತೊಡಕನ್ನು ಬಿಡಿಸಲು 1956ರಲ್ಲಿ ಪುಣೆಯ ಸೀಮೆಯ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿಯವರು ಗುಂಪಾಗಿ ಕುಳಿತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆಯುವುದು, ಉತ್ತರವನ್ನು ಮುಂದಿನ ಪ್ರಸಾರದಲ್ಲಿ ಪಡೆಯುವುದು. ಹತ್ತು ವಾರಗಳಲ್ಲಿ 20 ಕಾರ್ಯಕ್ರಮಗಳು. ಆ ಪ್ರಯೋಗದಿಂದ ರೇಡಿಯೋ ಗ್ರಾಮಗೋಷ್ಠಿಗಳು ದೇಶದ ಇತರ ಕಡೆಗಳಿಗೂ ಹಬ್ಬಿದವು. ಶ್ರೋತೃಗಳ ಪತ್ರಗಳಿಗೆ ಉತ್ತರಿಸುವ ಕಾರ್ಯಕ್ರಮದ ಬೆಲೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ವಿಜ್ಞಾನದ ಸಭೆಗಳಿಗೆ ಹೊಸ ಹುರುಪು ಬಂದದ್ದು ಎಚ್. ನರಸಿಂಹಯ್ಯನವರಿಂದ. ಅವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವೇದಿಕೆಯನ್ನು ಕಟ್ಟಿ ವಾರವಾರವೂ ಉಪನ್ಯಾಸ ನಡೆಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದೇ ಅವರು ಬಾಳಿನುದ್ದಕ್ಕೂ ಹೇಳಿದ ಪಾಠ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. 1987ರ ಅಕ್ಟೋಬರಿನಲ್ಲಿ ಭಾರತ ಜನವಿಜ್ಞಾನ ಜಾಥಾ ದೇಶದ ಐದು ಕಡೆಗಳಿಂದ ಹೊರಟು ನವೆಂಬರಿನಲ್ಲಿ ಭೋಪಾಲದಲ್ಲಿ ಕೂಡಿತು. ಹಾಡು, ಬೀದಿನಾಟಕಗಳ ಮೂಲಕ ವಿಜ್ಞಾನವನ್ನು ಹೇಳುವ ಈ ಕ್ರಮ ನಮ್ಮವರಿಗೆ ಹೊಸದೆನಿಸಲಿಲ್ಲ, ನೀಲಗಾರರ ಸೀಮೆಯಲ್ಲವೆ?

ಆದರೆ ಹೆದರಿಕೆ ಸುಲಭವಾಗಿ ಬಿಡುವುದಿಲ್ಲ. 1980ರ ಫೆಬ್ರವರಿ 16ರ ಸೂರ್ಯಗ್ರಹಣ ಅಂಕೋಲ, ರಾಯಚೂರುಗಳ ಕಡೆ ಪೂರ್ಣವಾಗಿತ್ತು, ನಮ್ಮಲ್ಲಿ ಪಾರ್ಶ್ವ. ನಾನಾಗ ಸಣ್ಣ ಹುಡುಗ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ನಾಯಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದರು.

ಮಂಡ್ಯದ ದೊಡ್ಡ ಸಭೆಗಳೆಂದರೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು. 1974ರಲ್ಲಿ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರು. ಸಮ್ಮೇಳನದ ಪೀಠದಲ್ಲಿ ಹೆಣ್ಣುಮಗಳೊಬ್ಬರು ಕುಳಿತದ್ದು ಅದೇ ಮೊದಲು, ಅದು ನಡೆದದ್ದು ನಮ್ಮ ಊರಿನಲ್ಲಿ. 1994ರಲ್ಲಿ ಚದುರಂಗರು, 2024ರ ಡಿಸೆಂಬರಿನಲ್ಲಿ ಗೊ. ರು. ಚನ್ನಬಸಪ್ಪನವರು. ಲಕ್ಷಗಟ್ಟಲೆ ಜನರ ಜಾತ್ರೆಯಲ್ಲಿ ಗೋಷ್ಠಿಯ ಕೊನೆಗೆ ಪ್ರಶ್ನೆಗೆ ಸಮಯ ಉಳಿಯುವುದಿಲ್ಲ. ಆದರೂ ಮಂಡ್ಯದವರು ಕೇಳದೆ ಬಿಡಲಿಲ್ಲ. 2024ರ ಸಮ್ಮೇಳನಕ್ಕೆ ಮುನ್ನ, ಊಟದ ಪಂಕ್ತಿಯಲ್ಲಿ ಬಾಡೂಟವೇಕಿಲ್ಲ ಎಂಬ ಪ್ರಶ್ನೆ ಎದ್ದು ಪತ್ರಿಕೆಗಳ ತುಂಬ ಚರ್ಚೆಯಾಯಿತು. ನಗುವವರು ನಕ್ಕರು. ಯಾರ ಊಟ ಸಭೆಗೆ ಸಲ್ಲುವ ಊಟ ಎಂಬ ಪ್ರಶ್ನೆಗೂ, ಮಂಟಪದೊಳಕ್ಕೆ ಯಾರು ಬರಬಹುದೆಂಬ ಹಳೆಯ ಪ್ರಶ್ನೆಗೂ ನಂಟಿಲ್ಲವೆಂದು ನಾನು ಹೇಳಲಾರೆ.

ನನಗೆ ಸಣ್ಣ ಸಭೆಗಳೇ ಹೆಚ್ಚು ಪ್ರಿಯ. ಐವತ್ತು ಜನ, ಒಂದು ಕೊಠಡಿ, ವಂದನಾರ್ಪಣೆಗೆ ಮುಂಚೆ ಅರ್ಧ ಗಂಟೆ ಪ್ರಶ್ನೆಗೆ. ಈಚೆಗೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡಿ ಎನ್ನುವ ಪದ್ಧತಿ ಬಂದಿದೆ. ಬರೆಯಲು ಬಾರದವನು ಮಾತ್ರವಲ್ಲ, ಬರೆದರೆ ತಪ್ಪಾದೀತೆಂದು ಅಂಜುವವನೂ ಇದರಿಂದ ಹಿಂದೆ ಸರಿಯುತ್ತಾನೆ. ಬಾಯಿಂದಲೇ ಕೇಳಲಿ, ಹಳ್ಳಿಯ ಮಾತಿನಲ್ಲೇ ಕೇಳಲಿ.

2019ರ ಡಿಸೆಂಬರ್ 26ರ ಬೆಳಿಗ್ಗೆ ಇನ್ನೊಂದು ಸೂರ್ಯಗ್ರಹಣವಾಯಿತು. ಕಾಸರಗೋಡು, ಕೊಡಗುಗಳ ಕಡೆ ಬಳೆಯಂತೆ ಕಂಡದ್ದು ನಮ್ಮಲ್ಲಿ ಬಿಂಬದ ಹೆಚ್ಚಿನ ಭಾಗವನ್ನು ನುಂಗಿದ ಪಾರ್ಶ್ವಗ್ರಹಣ. ಮರುದಿನ ತರಗತಿಯಲ್ಲಿ, ಗ್ರಹಣದ ಹೊತ್ತಿನಲ್ಲಿ ಆಹಾರ ಕೆಡುತ್ತದೆಂಬ ನಂಬಿಕೆಯ ವಿಷಯ ಬಂದಿತು. ನಾನು ನೆರಳು, ಚಂದ್ರನ ಚಲನೆ ಇತ್ಯಾದಿಗಳನ್ನು ಕಪ್ಪುಹಲಗೆಯ ಮೇಲೆ ವಿವರಿಸಹೊರಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ನಮ್ಮಜ್ಜಿ ಹಾಲಿಗೆ ಗರಿಕೆ ಹಾಕಿಟ್ಟಿತ್ತು ಸಾ. ನಾನು ಅದೇ ಹಾಲಲ್ಲಿ ಒಂದು ಲೋಟ ಬೇರೆ ಎತ್ತಿಟ್ಟಿದ್ದೆ, ಗರಿಕೆ ಹಾಕ್ದೆ. ಗ್ರಹಣ ಬಿಟ್ಮೇಲೆ ಎರಡೂ ಕಾಯ್ಸಿದೆ. ಎರಡೂ ಒಡೀಲಿಲ್ಲ.’

‘ಅಜ್ಜಿ ಏನೆಂದರು?’ ಎಂದೆ.

‘ಕುಡುದ್ಬುಡು ಅಂತು ಸಾ.’